ಸ್ಕ್ರೂ ತಿರುಗಿಸುವ ಮುನ್ನ: ಸೆಲ್ಫ್ ಲೋಡಿಂಗ್ ರೈಫಲ್ ಗುರಿ ತಪ್ಪಿದಾಗ ದೋಷ ಹುಡುಕುವ ಕ್ರಮ

ಫೈರಿಂಗ್ ಮುಗಿದು ಗುರಿಯ ಕಾಗದ ಕೈಗೆ ಬಂದೊಡನೆ ಹೊಸಬರು ಹೇಳುವುದು ಒಂದೇ ಮಾತು: “ಸರ್, ಈ ರೈಫಲ್ಲೇ ಸರಿಯಿಲ್ಲ.” ಸ್ವಲ್ಪ ಹೊತ್ತಿನ ಹಿಂದೆ ಅದೇ ರೈಫಲ್ಲಿನಿಂದ ಇನ್ನೊಬ್ಬ ಅಂಗೈಯಗಲದೊಳಗೆ ಐದು ಗುಂಡು ಕೂಡಿಸಿ ಎದ್ದುಹೋಗಿರುತ್ತಾನೆ. ಆದರೂ ದೂರು ರೈಫಲ್ಲಿನ ಮೇಲೆಯೇ. ಬೆಳಗಾವಿಯಲ್ಲಿ ಈ ಮಾತು ಹೆಚ್ಚು ಕೇಳಿಬರುವುದಕ್ಕೆ ಕಾರಣವಿದೆ. 1922ರಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಕೇಂದ್ರ ಇಲ್ಲಿದೆ. ಮಚ್ಛೆಯಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯಿದೆ, ಕಾಲೇಜುಗಳಲ್ಲಿ ಎನ್‌ಸಿಸಿ ಇದೆ. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೂ ಖಾನಾಪುರ, ಗೋಕಾಕ, ಸವದತ್ತಿ, ಅಥಣಿ ಕಡೆಯ ಹುಡುಗರು ನಸುಕಿನಲ್ಲಿ ಎದ್ದು ಓಡುವುದು ನಿಂತಿಲ್ಲ. ಓಟಕ್ಕೆ ಎಲ್ಲರೂ ತಯಾರಿ ಮಾಡುತ್ತಾರೆ. ಗುರಿಗೆ ತಯಾರಿ ಮಾಡಬಹುದು ಎಂಬುದು ಮಾತ್ರ ಹೆಚ್ಚಿನವರಿಗೆ ಹೊಳೆದಿರುವುದಿಲ್ಲ.

ಈ ಬರಹ ಫೈರಿಂಗ್ ರೇಂಜಿನಲ್ಲಿ, ತರಬೇತುದಾರರ ಕಣ್ಣೆದುರು ರೈಫಲ್ ಹಿಡಿಯುವವರಿಗಾಗಿ. ನಮ್ಮ ದೇಶದಲ್ಲಿ ಸೆಮಿ ಆಟೊಮ್ಯಾಟಿಕ್ ರೈಫಲ್ ಸಾಮಾನ್ಯ ನಾಗರಿಕ ಪರವಾನಗಿಗೆ ಸಿಗುವ ಆಯುಧವಲ್ಲ. ಸೇನೆ, ಪೊಲೀಸ್ ತರಬೇತಿ ಅಥವಾ ಎನ್‌ಸಿಸಿ ಶಿಬಿರದಲ್ಲಿ ಅದು ಕೈಗೆ ಬರುತ್ತದೆ. ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 7.62 ಮಿಲಿಮೀಟರ್ ಸೆಲ್ಫ್ ಲೋಡಿಂಗ್ ರೈಫಲ್, ಅಂದರೆ ಎಸ್‌ಎಲ್‌ಆರ್ ಅನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೆಲ್ಜಿಯಂನ ಎಫ್‌ಎನ್ ಎಫ್‌ಎಎಲ್ ರೈಫಲ್ಲಿನ ವಂಶದ್ದು ಅದು. ಕೆಡೆಟ್‌ಗಳ .22 ರೈಫಲ್ಲಿಗೂ 10 ಮೀಟರ್ ಏರ್ ರೈಫಲ್ಲಿಗೂ ಇಲ್ಲಿನ ಬಹುಪಾಲು ಮಾತು ಹೊಂದುತ್ತದೆ.

ಎಸ್‌ಎಲ್‌ಆರ್‌ಗೂ .22ಕ್ಕೂ ಕಲಿಯುವವನ ದೃಷ್ಟಿಯಿಂದ ಇರುವ ದೊಡ್ಡ ವ್ಯತ್ಯಾಸ ಪೆಟ್ಟಿನ ಜೋರಲ್ಲ. .22ರಲ್ಲಿ ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕು, ಮತ್ತೆ ಮುಚ್ಚಬೇಕು, ಮತ್ತೆ ಗುರಿ ಹಿಡಿಯಬೇಕು. ಆ ಬಿಡುವಿನಲ್ಲಿ ಹಿಂದಿನ ಗುಂಡು ಏಕೆ ಹಾಗೆ ಹೋಯಿತು ಎಂದು ಯೋಚಿಸಲು ಸಮಯವಿರುತ್ತದೆ. ಎಸ್‌ಎಲ್‌ಆರ್ ಆ ಕೆಲಸವನ್ನೆಲ್ಲ ತಾನೇ ಮಾಡಿ ಮುಂದಿನ ಗುಂಡನ್ನು ಸಿದ್ಧವಾಗಿಡುತ್ತದೆ. ಬೆರಳು ಸುಮ್ಮನಿರುವುದಿಲ್ಲ. ಐದು ಗುಂಡು ಹೋದ ಮೇಲೆ ಕಾಗದದ ಮೇಲೆ ಐದು ತೂತು ಇರುತ್ತವೆ, ಆದರೆ ಯಾವುದು ಯಾವಾಗ ಹೋಯಿತು, ಆಗ ಫೋರ್‌ಸೈಟ್ (ನಳಿಗೆಯ ಮುಂಭಾಗದ ಗುರಿಗುರುತು) ಎಲ್ಲಿತ್ತು ಎಂಬುದು ಹೊಡೆದವನಿಗೇ ಗೊತ್ತಿರುವುದಿಲ್ಲ. ದೋಷ ಹುಡುಕುವ ಕೆಲಸ ಇಲ್ಲಿಯೇ ಕೈತಪ್ಪುತ್ತದೆ.

ಮೊದಲ ಪರೀಕ್ಷೆ: ಹೊಡೆದವನೇ ಹೇಳಬೇಕು

ಯಾವುದೇ ದೋಷಕ್ಕೆ ಹೆಸರಿಡುವ ಮೊದಲು ಇದನ್ನು ಮಾಡಿ. ಮ್ಯಾಗಝೀನಿನಲ್ಲಿ ಒಂದೇ ಗುಂಡು ಹಾಕಿಸಿ. ಗುಂಡು ಹಾರಿದ ಕೂಡಲೇ, ಕಾಗದ ನೋಡುವ ಮೊದಲೇ, ಹೊಡೆದವನು ಹೇಳಬೇಕು: “ಮೂರು ಗಂಟೆಯ ಕಡೆ, ಅಂಚಿನಲ್ಲಿ.” ಅಂದರೆ ಪೆಟ್ಟು ಬಿದ್ದ ಕ್ಷಣದಲ್ಲಿ ಫೋರ್‌ಸೈಟ್‌ನ ತುದಿ ಎಲ್ಲಿ ಕಂಡಿತೋ ಅದು. ಪಕ್ಕದಲ್ಲಿ ಕುಳಿತವನು ಬರೆದುಕೊಳ್ಳಬೇಕು. ಹೀಗೆ ಐದು ಗುಂಡು, ಒಂದೊಂದಾಗಿ. ಆಮೇಲೆ ಬರೆದದ್ದನ್ನೂ ಕಾಗದವನ್ನೂ ಪಕ್ಕಪಕ್ಕ ಇಡಿ.

ಹೇಳಿದ್ದಕ್ಕೂ ತೂತಿಗೂ ತಾಳೆಯಾದರೆ ರೈಫಲ್ ಸರಿಯಿದೆ, ಸೈಟ್ ಸರಿಯಿದೆ, ಟ್ರಿಗರ್ ಒತ್ತುವುದೂ ಬಹುಮಟ್ಟಿಗೆ ಸರಿಯಿದೆ. ಹಿಡಿತ ನಿಲ್ಲುತ್ತಿಲ್ಲ, ಅಷ್ಟೇ. ಹೇಳಿದ್ದೆಲ್ಲ ನಡುಮಧ್ಯ, ತೂತುಗಳೆಲ್ಲ ಒಟ್ಟಾಗಿ ಬೇರೆಲ್ಲೋ ಇದ್ದರೆ ಸೈಟ್ ಹೊಂದಿಸಬೇಕು. ಹೇಳಿದ್ದೆಲ್ಲ ನಡುಮಧ್ಯ, ತೂತುಗಳು ಚದುರಿದ್ದರೆ ಟ್ರಿಗರ್ ಕಡೆ ನೋಡಿ, ಇಲ್ಲವೆ ಹೊಡೆಯುವವನು ಕಣ್ಣು ಮುಚ್ಚಿಕೊಳ್ಳುತ್ತಿದ್ದಾನೆಯೇ ನೋಡಿ. “ಗೊತ್ತಾಗಲಿಲ್ಲ ಸರ್” ಎಂಬ ಉತ್ತರವೇ ಐದೂ ಸಲ ಬಂದರೆ ಅದೂ ಒಂದು ಫಲಿತಾಂಶವೇ. ಅವನು ಫೋರ್‌ಸೈಟನ್ನು ನೋಡುತ್ತಿಲ್ಲ, ಬುಲ್ಲನ್ನು, ಅಂದರೆ ಗುರಿಯ ನಡುವಿನ ಕಪ್ಪು ವೃತ್ತವನ್ನು ನೋಡುತ್ತಿದ್ದಾನೆ.

ಗಡಿಯಾಚೆಯ ಕೊಲ್ಹಾಪುರದ ಇಬ್ಬರನ್ನು ಇಲ್ಲಿ ನೆನೆಯಬೇಕು. ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 50 ಮೀಟರ್ ಮಲಗಿ ಹೊಡೆಯುವ ಸ್ಪರ್ಧೆಯ ಚಿನ್ನ ಗೆದ್ದರು. ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯ ಕಂಚು ತಂದರು. ಆ ಸ್ಪರ್ಧೆಗಳ ರೈಫಲ್ಲುಗಳಲ್ಲಿ ಮ್ಯಾಗಝೀನ್ ಇರುವುದಿಲ್ಲ. ಒಂದು ಗುಂಡು ಕೈಯಲ್ಲಿ ಹಾಕಿ, ಹೊಡೆದು, ಮತ್ತೊಂದನ್ನು ಹಾಕಬೇಕು. ಎಸ್‌ಎಲ್‌ಆರ್ ಕಲಿಯುವವನೂ ಮೊದಲ ದಿನಗಳಲ್ಲಿ ಹೀಗೆಯೇ ಹೊಡೆಯಲಿ. ಇಪ್ಪತ್ತು ಗುಂಡಿನ ಮ್ಯಾಗಝೀನ್ ಎಲ್ಲಿಗೂ ಓಡಿಹೋಗುವುದಿಲ್ಲ.

ಗುಂಪು ಬಿಗಿ, ಜಾಗ ತಪ್ಪು

ಇದು ಸುಲಭದ ದೋಷ, ಖುಷಿಪಡಬೇಕಾದ ದೋಷ. ಐದೂ ಗುಂಡು ಒಂದೆಡೆ ಕೂಡಿದ್ದರೆ ಮನುಷ್ಯ ಸರಿಯಾಗಿದ್ದಾನೆ. ಗುಂಪಿನ ನಡುಬಿಂದು ಗುರುತಿಸಿ, ಅಲ್ಲಿಂದ ಬುಲ್‌ಗೆ ಎಷ್ಟು ದೂರ ಎಂದು ಅಳೆಯಿರಿ. ಸೈಟ್ ಸರಿಸುವ ನಿಯಮ ಹಳೆಯದು: ಫೋರ್‌ಸೈಟನ್ನು ತಪ್ಪು ಹೋದ ದಿಕ್ಕಿಗೇ ಸರಿಸಬೇಕು, ಬ್ಯಾಕ್‌ಸೈಟನ್ನು (ಕಣ್ಣಿನ ಹತ್ತಿರದ, ತೂತಿರುವ ಸೈಟ್) ಗುಂಡು ಹೋಗಬೇಕಾದ ದಿಕ್ಕಿಗೆ ಸರಿಸಬೇಕು. ಗುಂಡು ಮೇಲೆ ಬೀಳುತ್ತಿದ್ದರೆ ಫೋರ್‌ಸೈಟ್ ಮೇಲೇರಬೇಕು. ಎಸ್‌ಎಲ್‌ಆರ್‌ನಲ್ಲಿ ಎತ್ತರದ ಹೊಂದಾಣಿಕೆ ಫೋರ್‌ಸೈಟ್‌ನಲ್ಲಿ, ಎಡಬಲದ್ದು ಬ್ಯಾಕ್‌ಸೈಟ್‌ನ ಎರಡು ಬದಿಯ ಸ್ಕ್ರೂಗಳಲ್ಲಿ. ಒಂದು ಬದಿಯದನ್ನು ಸಡಿಲಿಸಿದಷ್ಟೇ ಇನ್ನೊಂದನ್ನು ಬಿಗಿಯಬೇಕು. ಇದನ್ನು ತರಬೇತುದಾರರಿಗೆ ತಿಳಿಸದೆ ಮಾಡುವಂತಿಲ್ಲ. ಆ ರೈಫಲ್ಲನ್ನು ನಾಳೆ ಇನ್ನೊಬ್ಬರು ಹಿಡಿಯಬೇಕು.

ಸ್ಕ್ರೂಡ್ರೈವರ್ ಎತ್ತುವ ಮೊದಲು ಬ್ಯಾಕ್‌ಸೈಟ್‌ನ ಸ್ಲೈಡ್ ಎಲ್ಲಿದೆ ನೋಡಿ. 200ರಿಂದ 600 ಗಜದವರೆಗಿನ ಗುರುತುಗಳ ಮೇಲೆ ಅದು ಸರಿದಾಡುತ್ತದೆ. ಹೆಗಲಿಗೆ ಹಾಕುವಾಗ, ಒರೆಸುವಾಗ ಕೈತಾಗಿ 200 ಇದ್ದದ್ದು 400 ಆಗಿರುತ್ತದೆ, ಗುಂಪು ಪೂರ್ತಿ ಮೇಲಕ್ಕೆ ಹೋಗಿರುತ್ತದೆ. ಇಷ್ಟಕ್ಕೆ ಯಾರೂ ಫೋರ್‌ಸೈಟ್ ಮುಟ್ಟಬೇಕಾಗಿಲ್ಲ.

ಮೂರು ಗುಂಡು ನೋಡಿ ಸೈಟ್ ಸರಿಸಬೇಡಿ. ಮೂರು ತೂತು ಅದೃಷ್ಟದಿಂದಲೂ ಕೂಡುತ್ತವೆ. ಐದು ಕನಿಷ್ಠ. ಎರಡು ಗುಂಪು ಹೊಡೆದು ಎರಡರ ನಡುಬಿಂದುವೂ ಒಂದೇ ಕಡೆ ಬಂದರೆ ಇನ್ನೂ ಒಳ್ಳೆಯದು. ಒಂದು ಗುಂಡಿಗೊಮ್ಮೆ ಸ್ಕ್ರೂ ತಿರುಗಿಸುವವನು ಸಂಜೆಯವರೆಗೂ ತಿರುಗಿಸುತ್ತಲೇ ಇರುತ್ತಾನೆ.

ಎಲ್ಲೆಂದರಲ್ಲಿ ಚದುರಿದ ಗುಂಡು

ಆಕಾರವೇ ಇಲ್ಲದ ಗುಂಪು ಬಂದರೆ ಮೊದಲು ಕಣ್ಣನ್ನು ಶಂಕಿಸಿ. ಬ್ಯಾಕ್‌ಸೈಟ್‌ನ ತೂತು, ಫೋರ್‌ಸೈಟ್, ಬುಲ್ ಈ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಲು ಯಾವ ಕಣ್ಣಿಗೂ ಆಗುವುದಿಲ್ಲ. ಬ್ಯಾಕ್‌ಸೈಟ್‌ನ ತೂತು ಮಸುಕಾಗಿರಲಿ, ಬುಲ್ಲೂ ತುಸು ಮಸುಕಾಗಿರಲಿ. ಫೋರ್‌ಸೈಟ್‌ನ ತುದಿ ಮಾತ್ರ ಚೂಪಾಗಿ ಕಾಣಬೇಕು. ಇದು ಹೊಸಬರಿಗೆ ಒಪ್ಪಿಗೆಯಾಗುವುದಿಲ್ಲ. ಹೊಡೆಯಬೇಕಾದದ್ದನ್ನು ಮಸುಕಾಗಿ ನೋಡುವುದೆಂದರೇನು ಎಂದು ಅವರ ವಾದ. ಲೆಕ್ಕ ಹೇಳಿದರೆ ಒಪ್ಪುತ್ತಾರೆ. ಎಸ್‌ಎಲ್‌ಆರ್‌ನ ಎರಡು ಸೈಟ್‌ಗಳ ನಡುವಿನ ಅಂತರ ಸುಮಾರು 55 ಸೆಂಟಿಮೀಟರ್. ತೂತಿನ ನಡುವಿನಿಂದ ಫೋರ್‌ಸೈಟ್ ಒಂದೇ ಒಂದು ಮಿಲಿಮೀಟರ್ ಸರಿದರೆ ಗುಂಡು 100 ಮೀಟರಿನಲ್ಲಿ ಸುಮಾರು 18 ಸೆಂಟಿಮೀಟರ್, 300 ಮೀಟರಿನಲ್ಲಿ ಅರ್ಧ ಮೀಟರಿಗೂ ಹೆಚ್ಚು ಆಚೆ ಬೀಳುತ್ತದೆ. ಅದೇ, ಎರಡೂ ಸೈಟ್ ಕೂಡಿಯೇ ಇದ್ದು ಇಡೀ ರೈಫಲ್ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೆ ತಪ್ಪೂ ಒಂದೇ ಮಿಲಿಮೀಟರ್.

ಇನ್ನೊಂದು ತಪ್ಪು ಎಷ್ಟು ಸಣ್ಣದೋ ಅಷ್ಟೇ ಸಾಮಾನ್ಯ. ಫೋರ್‌ಸೈಟ್‌ಗೆ ಪೆಟ್ಟು ಬೀಳದಿರಲೆಂದು ಎರಡು ಬದಿ ಎರಡು ಕಿವಿಗಳಂಥ ಕಾವಲು ಇರುತ್ತವೆ. ಅವಸರದಲ್ಲಿ ಹೊಸಬರು ನಡುವಿನ ಬ್ಲೇಡ್ ಬಿಟ್ಟು ಆ ಕಿವಿಯನ್ನೇ ಬುಲ್‌ಗೆ ಹಿಡಿಯುತ್ತಾರೆ. ಗುಂಡು ಕಾಗದದ ಮೇಲೇ ಬೀಳುವುದಿಲ್ಲ. ಪಕ್ಕದವನ ಕಾಗದದಲ್ಲಿ ಐದರ ಬದಲು ಏಳು ತೂತು ಕಂಡಾಗ ಎರಡು ಎಲ್ಲಿಂದ ಬಂದವು ಎಂದು ಹುಡುಕುವ ಕೆಲಸ ಗುರಿಗಳ ಬಳಿ ಇರುವ ತಂಡದ್ದು. ಮಲಗುವಾಗಲೇ ನಿಮ್ಮ ಗುರಿಯ ನಂಬರನ್ನು ಬಾಯಲ್ಲಿ ಹೇಳಿಕೊಳ್ಳಿ.

ಕನ್ನಡಕ ಹಾಕುವವರಿಗೆ ಒಂದು ಮಾತು. ಮಲಗಿ ಹೊಡೆಯುವಾಗ ತಲೆ ಮುಂದಕ್ಕೆ ಬಾಗಿ, ನೋಟ ಗಾಜಿನ ಮೇಲಿನ ಒಳಮೂಲೆಯಿಂದ ಹಾಯುತ್ತದೆ. ಅಲ್ಲಿ ಎಲ್ಲವೂ ತುಸು ಕಲಸಿ ಕಾಣುತ್ತದೆ. ಕನ್ನಡಕ ಜಾರದಂತೆ ಹಿಂದಿನಿಂದ ದಾರ ಕಟ್ಟಿ, ಗಾಜು ತುಸು ಮೇಲಕ್ಕೆ ಕೂರುವಂತೆ ಮಾಡಿದರೆ ಅರ್ಧ ದೋಷ ಹೋಗುತ್ತದೆ.

ಇನ್ನು ಯಾವ ಕಣ್ಣು ಮುಂದಾಳು ಎಂಬ ಪರೀಕ್ಷೆ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಹೆಬ್ಬೆರಳು ಹಿಡಿಯಿರಿ. ಎಡಗಣ್ಣು ಮುಚ್ಚಿದಾಗ ಬೆರಳು ಕಂಬದ ಮೇಲೆಯೇ ಉಳಿದರೆ ಬಲಗಣ್ಣೇ ಮುಂದಾಳು. ಹಾರಿದರೆ ಎಡಗಣ್ಣು. ಬಲಗೈಯವನಿಗೆ ಎಡಗಣ್ಣು ಮುಂದಾಳಾಗಿದ್ದರೆ ಎಡಗಣ್ಣಿನ ಗಾಜಿಗೆ ಒಂದು ತುಂಡು ಮಬ್ಬು ಟೇಪ್ ಅಂಟಿಸುವುದು ಸರಳ ಉಪಾಯ. ಕಣ್ಣನ್ನು ಕಿವುಚಿ ಮುಚ್ಚಿದರೆ ಇನ್ನೊಂದು ಕಣ್ಣಿಗೂ ಶ್ರಮ.

ಕಣ್ಣು ಸರಿಯಿದ್ದೂ ಚದುರಿದರೆ ಹಿಡಿತ ನೋಡಿ. ನಮ್ಮ ಕಡೆ ಗರಡಿಯಲ್ಲಿ ಪಳಗಿದ ಹುಡುಗರು ರೈಫಲ್ಲನ್ನು ಎದುರಾಳಿ ಪೈಲ್ವಾನನಂತೆ ಅಮುಕುತ್ತಾರೆ. ತೋಳು ಬಿಗಿದಷ್ಟೂ ನಡುಕ ಹೆಚ್ಚುತ್ತದೆ. ಎಡಗೈ ಕೇವಲ ಆಧಾರ. ರೈಫಲ್ಲಿನ ಭಾರವನ್ನು ಮೊಣಕೈಯ ಎಲುಬು ಹೊರಬೇಕು, ಸ್ನಾಯು ಅಲ್ಲ. ಬಟ್ಟನ್ನು (ರೈಫಲ್ಲಿನ ಹಿಂಬದಿಯ ದಪ್ಪ ಭಾಗ) ಭುಜದ ಗುಳಿಗೆ ಎಳೆದುಕೊಳ್ಳುವುದು ಬಲಗೈಯ ಕೆಳಗಿನ ಮೂರು ಬೆರಳುಗಳ ಕೆಲಸ. ಎಸ್‌ಎಲ್‌ಆರ್ ಖಾಲಿಯಿದ್ದಾಗಲೇ ನಾಲ್ಕು ಕಿಲೋಗ್ರಾಂ ಮೀರುತ್ತದೆ. ಆ ಭಾರವನ್ನೇ ನಿಮ್ಮ ಪರವಾಗಿ ದುಡಿಸಿಕೊಳ್ಳಬಹುದು.

ಇಲ್ಲೊಂದು ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಖಾಲಿ ರೈಫಲ್ಲಿನೊಂದಿಗೆ ಗುರಿ ಹಿಡಿಯಿರಿ. ಕಣ್ಣು ಮುಚ್ಚಿ, ಎರಡು ಉಸಿರು ತೆಗೆದುಕೊಂಡು ಮೈ ಸಡಿಲಿಸಿ. ಕಣ್ಣು ತೆರೆದಾಗ ಫೋರ್‌ಸೈಟ್ ಬುಲ್ ಮೇಲೆಯೇ ಇದೆಯೇ? ಪಕ್ಕಕ್ಕೆ ಸರಿದಿದ್ದರೆ ನಿಮ್ಮ ಮೈ ರೈಫಲ್ಲನ್ನು ಅಲ್ಲಿಗೇ ತೋರಿಸಲು ಬಯಸುತ್ತಿದೆ, ಬುಲ್ ಕಡೆ ನೀವು ಬಲವಂತದಿಂದ ತಿರುಗಿಸುತ್ತಿದ್ದೀರಿ ಎಂದರ್ಥ. ಗುಂಡು ಹಾರಿದ ಕ್ಷಣ ಆ ಬಲವಂತ ಬಿಟ್ಟುಹೋಗುತ್ತದೆ. ಕೈಯಿಂದ ಸರಿಪಡಿಸಬೇಡಿ. ಎಡ ಮೊಣಕೈಯನ್ನು ಮೊಳೆ ಹೊಡೆದಂತೆ ಅಲ್ಲೇ ಇಟ್ಟು, ಸೊಂಟ ಕಾಲುಗಳನ್ನು ಸರಿಸಿ ಇಡೀ ದೇಹವನ್ನು ತಿರುಗಿಸಿ. ಮತ್ತೆ ಕಣ್ಣು ಮುಚ್ಚಿ ತೆರೆಯಿರಿ. ತಾನಾಗಿ ಬುಲ್ ಮೇಲೆ ಬರುವವರೆಗೂ ಹೀಗೆಯೇ.

ಗುಂಡು ಕೆಳಕ್ಕೂ ಬಲಕ್ಕೂ ಎಳೆಯುತ್ತಿದೆ

ಬಲಗೈಯವರಲ್ಲಿ ಇದು ಸಾಮಾನ್ಯವಾಗಿ ಟ್ರಿಗರ್ ಎಳೆತದ ಗುರುತು. ಆದರೆ ದಿಕ್ಕು ನೋಡಿ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಮೊಬೈಲುಗಳಲ್ಲಿ ಒಂದು ಚಕ್ರದ ಚಿತ್ರ ಓಡಾಡುತ್ತದೆ: ಇಲ್ಲಿ ಬಿದ್ದರೆ ಹೆಬ್ಬೆರಳು, ಅಲ್ಲಿ ಬಿದ್ದರೆ ಮಣಿಕಟ್ಟು ಎಂದು. ಅದು ಒಂದು ಕೈಯಲ್ಲಿ ಹಿಡಿಯುವ ಪಿಸ್ತೂಲಿಗೆ ಮಾಡಿದ್ದು. ರೈಫಲ್ಲಿಗೆ ಭುಜ, ಕೆನ್ನೆ, ಎರಡು ಕೈ, ನೆಲ ಇಷ್ಟರ ಆಧಾರವಿದೆ. ಅದೇ ತಪ್ಪು ಒಬ್ಬನಲ್ಲಿ ಬಲಕ್ಕೆ, ಇನ್ನೊಬ್ಬನಲ್ಲಿ ಕೆಳಕ್ಕೆ ಹೋಗಬಹುದು. ಚಕ್ರ ನೋಡಿ ಚಿಕಿತ್ಸೆ ಮಾಡಿದರೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟಂತಾಗುತ್ತದೆ.

ನಂಬಬಹುದಾದ ಪರೀಕ್ಷೆ ಡಮ್ಮಿ, ಅಂದರೆ ಮದ್ದಿಲ್ಲದ ಗುಂಡಿನದು. ತರಬೇತುದಾರರು ಮ್ಯಾಗಝೀನಿನಲ್ಲಿ ನಿಜ ಗುಂಡುಗಳ ನಡುವೆ ಒಂದೆರಡು ಡಮ್ಮಿ ಸೇರಿಸಿ ಕೊಡಬೇಕು. ಎಲ್ಲಿ ಎಂದು ಹೊಡೆಯುವವನಿಗೆ ತಿಳಿಯಬಾರದು. ಡಮ್ಮಿ ಬಂದಾಗ ಸದ್ದಿಲ್ಲ, ಬರೀ ‘ಟಕ್’. ಆ ‘ಟಕ್’ಗೆ ನಳಿಗೆ ಅಲುಗದಿದ್ದರೆ ಕೆಲಸ ಚೆನ್ನಾಗಿದೆ. ಮೂತಿ ಕೆಳಕ್ಕೆ ಕುಕ್ಕಿದರೆ, ಭುಜ ಮುಂದಕ್ಕೆ ನುಗ್ಗಿದರೆ, ಕಣ್ಣು ಮುಚ್ಚಿಕೊಂಡರೆ ಬಾರದ ಪೆಟ್ಟಿಗೆ ಮೈ ಮೊದಲೇ ಸಿದ್ಧವಾಗುತ್ತಿದೆ ಎಂದು ತಿಳಿಯಬೇಕು. ಹೊಡೆದವನಿಗೆ ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ನಂಬುವುದೇ ಇಲ್ಲ. ಆ ‘ಟಕ್’ ಸದ್ದಿಗೆ ತನ್ನ ರೈಫಲ್ ತಾನೇ ತಲೆಬಾಗಿದ್ದನ್ನು ಕಂಡ ಮೇಲೆ ಮರುಮಾತಿರುವುದಿಲ್ಲ.

ಈ ಹೆದರಿಕೆ ನಾಚಿಕೆಪಡುವ ವಿಷಯವಲ್ಲ. 7.62ರ ಗುಂಡು ಸೆಕೆಂಡಿಗೆ ಸುಮಾರು 840 ಮೀಟರ್ ವೇಗದಲ್ಲಿ ಹೊರಡುತ್ತದೆ. ಆ ಸದ್ದು, ಆ ಒದೆತಕ್ಕೆ ದೇಹ ತನ್ನನ್ನು ಕಾಪಾಡಿಕೊಳ್ಳಲು ನೋಡುವುದು ಸಹಜ. ಅದನ್ನು ಧೈರ್ಯದ ಭಾಷಣದಿಂದ ಬಿಡಿಸಲಾಗದು. ಮೊದಲು ಕಿವಿಗೆ ಸರಿಯಾದ ರಕ್ಷಣೆ ಕೊಡಿ, ಏಕೆಂದರೆ ಹೆಚ್ಚಿನವರು ಹೆದರುವುದು ಒದೆತಕ್ಕಲ್ಲ, ಸದ್ದಿಗೆ. ಬಟ್ ಭುಜದ ಗುಳಿಯಲ್ಲಿ ಕೂತಿದೆಯೇ, ತೋಳಿನ ಮೇಲೆ ಜಾರಿದೆಯೇ ನೋಡಿ. ಜಾರಿದ ಬಟ್ ಮೊದಲ ಗುಂಡಿಗೇ ನೋವು ಕೊಟ್ಟು ಉಳಿದ ನಾಲ್ಕನ್ನೂ ಕೆಡಿಸುತ್ತದೆ. ಆಮೇಲೆ .22ಕ್ಕೆ ಅಥವಾ ಏರ್ ರೈಫಲ್ಲಿಗೆ ಇಳಿಸಿ, ಒಂದಷ್ಟು ದಿನ ಅಲ್ಲಿ ಗುಂಪು ಕೂಡಿಸಿ, ಮತ್ತೆ ಎಸ್‌ಎಲ್‌ಆರ್‌ಗೆ ತನ್ನಿ.

ಟ್ರಿಗರ್ ಮೇಲೆ ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗವಿರಲಿ. ಮೊದಲಿನ ಸಡಿಲ ಎಳೆತವನ್ನು ಮುಗಿಸಿ ತಡೆ ಸಿಕ್ಕಲ್ಲಿ ನಿಲ್ಲಿಸಿ. ಅಲ್ಲಿಂದ ಒತ್ತಡ ನೇರ ಹಿಂದಕ್ಕೆ, ನಿಧಾನವಾಗಿ ಏರಬೇಕು. ಫೋರ್‌ಸೈಟ್ ಬುಲ್ ಸುತ್ತ ಅಲುಗುತ್ತಲೇ ಇರುತ್ತದೆ, ಒಲಿಂಪಿಕ್ಸ್‌ನವರಿಗೂ ಪೂರ್ತಿ ನಿಲ್ಲುವುದಿಲ್ಲ. ನಟ್ಟನಡುವೆ ಬಂದ ಕ್ಷಣ ನೋಡಿ ‘ಈಗ’ ಎಂದು ಎಳೆದರೆ ಆ ಎಳೆತವೇ ಅದನ್ನು ಆಚೆ ತಳ್ಳುತ್ತದೆ. ಅಲುಗಾಟವನ್ನು ಒಪ್ಪಿಕೊಂಡು ಒತ್ತುತ್ತಲೇ ಹೋದರೆ ಗುಂಡು ಅದೇ ಸಣ್ಣ ವಲಯದೊಳಗೆ ಬೀಳುತ್ತದೆ.

ಹಾರಿದ ಮೇಲೆ ಬೆರಳನ್ನು ಬಿಡಬೇಡಿ. ಎಸ್‌ಎಲ್‌ಆರ್‌ನಂಥ ರೈಫಲ್ಲಿನಲ್ಲಿ ಇದು ಮುಖ್ಯ. ಟ್ರಿಗರ್ ಹಿಂದಕ್ಕೇ ಹಿಡಿದಿರುವಾಗ ಬೋಲ್ಟ್ ಹಿಂದೆ ಹೋಗಿ, ಖಾಲಿ ಕೇಸ್ ಹೊರಬಿದ್ದು, ಮುಂದಿನ ಗುಂಡು ನಳಿಗೆಯ ಹಿಂಬದಿಯ ಗುಂಡಿನ ಕೋಣೆಗೆ, ಅಂದರೆ ಚೇಂಬರಿಗೆ ಹೋಗುತ್ತದೆ. ಫೋರ್‌ಸೈಟ್ ಮರಳಿ ಎಲ್ಲಿ ನಿಂತಿತು ನೋಡಿ, ಆಮೇಲೆ ನಿಧಾನವಾಗಿ ಬಿಡಿ. ಟ್ರಿಗರ್ ಮತ್ತೆ ಸಿಕ್ಕಿಕೊಂಡದ್ದು ಬೆರಳಿಗೆ ತಿಳಿಯುತ್ತದೆ. ಫೋರ್‌ಸೈಟ್ ತಾನಾಗಿ ಬುಲ್ ಹತ್ತಿರವೇ ಮರಳಿದ್ದರೆ ಭಂಗಿ ಸರಿಯಿದೆ. ಪ್ರತಿ ಸಲವೂ ಎಡಕ್ಕೋ ಬಲಕ್ಕೋ ಹೋಗಿ ನಿಲ್ಲುತ್ತಿದ್ದರೆ ಮತ್ತೆ ಕಣ್ಣು ಮುಚ್ಚಿ ತೆರೆಯುವ ಪರೀಕ್ಷೆಗೆ ಮರಳಿ.

ಮೇಲೆ ಕೆಳಗೆ ಸಾಲುಗಟ್ಟಿದ ತೂತುಗಳು

ಎಡಬಲ ಬಿಗಿಯಾಗಿದ್ದು ಉದ್ದಕ್ಕೆ ಸಾಲಾಗಿದ್ದರೆ ಉಸಿರು. ಮಲಗಿದಾಗ ಉಸಿರೆಳೆದರೆ ಎದೆ ಉಬ್ಬಿ ಬಟ್ ಏರುತ್ತದೆ, ಮೂತಿ ಇಳಿಯುತ್ತದೆ. ಬಿಟ್ಟರೆ ತಿರುವುಮುರುವು. ಅರ್ಧದಲ್ಲಿ ಹಿಡಿಯಬೇಡಿ. ಸಹಜವಾಗಿ ಉಸಿರು ಹೊರಬಿಟ್ಟ ಮೇಲೆ ಬರುವ ಬಿಡುವಿನಲ್ಲೇ ಹೊಡೆಯಿರಿ. ಆರೆಂಟು ಸೆಕೆಂಡಿನೊಳಗೆ ಗುಂಡು ಹೋಗದಿದ್ದರೆ ಬಿಟ್ಟುಬಿಡಿ, ಮತ್ತೆ ಉಸಿರಾಡಿ. ಅದಕ್ಕಿಂತ ಹೆಚ್ಚು ಹಿಡಿದರೆ ಕಣ್ಣು ಮಂಜಾಗುತ್ತದೆ, ಅವಸರ ಬರುತ್ತದೆ. ಎಡ ಮೊಣಕೈ ಪ್ರತಿ ಒದೆತಕ್ಕೂ ಸ್ವಲ್ಪ ಸ್ವಲ್ಪ ಹೊರಕ್ಕೆ ಜಾರುತ್ತಿದ್ದರೂ ಗುಂಡುಗಳು ಕ್ರಮವಾಗಿ ಕೆಳಗಿಳಿಯುತ್ತವೆ. ತೂತುಗಳ ಅನುಕ್ರಮ ಬರೆದಿಟ್ಟಿದ್ದರೆ ಮಾತ್ರ ಈ ಎರಡನ್ನು ಬೇರೆ ಮಾಡಲು ಸಾಧ್ಯ.

ಎಸ್‌ಎಲ್‌ಆರ್‌ನ ಮ್ಯಾಗಝೀನ್ ಉದ್ದದ್ದು. ಒಮ್ಮೆ ನೆಲಕ್ಕೆ ತಾಗಿಸಿ, ಒಮ್ಮೆ ಎತ್ತಿ ಹೊಡೆದರೆ ಎತ್ತರ ಬದಲಾಗುತ್ತದೆ. ತಾಗದಂತೆ ಹಿಡಿಯುವುದೇ ಲೇಸು.

ಅಡ್ಡ ಸಾಲು

ಗಾಳಿ ಎಂದು ಎಲ್ಲರೂ ಹೇಳುತ್ತಾರೆ. 25 ಮೀಟರಿನ ಶಾರ್ಟ್ ರೇಂಜಿನಲ್ಲಿ ಗಾಳಿಯನ್ನು ದೂರುವುದು ಬರೀ ನೆಪ. 50 ಮೀಟರಿನಲ್ಲಿ ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿಗೆ .22 ಗುಂಡು ಸುಮಾರು ಎರಡು ಸೆಂಟಿಮೀಟರ್ ಸರಿಯುತ್ತದೆ. 7.62 ಅಷ್ಟು ಹತ್ತಿರದಲ್ಲಿ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. 200, 300 ಗಜದಲ್ಲಿ ಮಾತು ಬೇರೆ.

ಬದಲಿಗೆ ರೈಫಲ್ ವಾಲಿದೆಯೇ ನೋಡಿ. ಬಲಕ್ಕೆ ವಾಲಿದರೆ ಗುಂಡು ಬಲಕ್ಕೂ ತುಸು ಕೆಳಕ್ಕೂ ಹೋಗುತ್ತದೆ. ಶಾರ್ಟ್ ರೇಂಜಿನಲ್ಲಿ ಈ ತಪ್ಪು ಮಿಲಿಮೀಟರುಗಳಲ್ಲಿ ಅಡಗಿಕೊಳ್ಳುತ್ತದೆ, 300 ಗಜಕ್ಕೆ ಹೋದಾಗ ಬಯಲಾಗುತ್ತದೆ. ಹೊಡೆಯುವವನ ಹಿಂದೆ ಕುಳಿತು ಫೋರ್‌ಸೈಟ್‌ನ ಕಿವಿಗಳು ನೆಟ್ಟಗಿವೆಯೇ ನೋಡುವುದು ಒಂದು ನಿಮಿಷದ ಕೆಲಸ.

ಬೆಳಕೂ ಕಾರಣವಾಗಬಹುದು. ಬದಿಯಿಂದ ಬಿಸಿಲು ಬಿದ್ದಾಗ ಬ್ಲೇಡಿನ ಒಂದು ಅಂಚು ಹೊಳೆದು, ಇನ್ನೊಂದು ನೆರಳಿನಲ್ಲಿ ಕರಗಿ, ಕಣ್ಣು ಇಲ್ಲದ ನಡುವನ್ನು ಹಿಡಿಯುತ್ತದೆ. ಬೆಳಗಿನ ಗುಂಪೂ ಸಂಜೆಯ ಗುಂಪೂ ಅದಲುಬದಲಾಗಿ ಬೀಳುತ್ತಿದ್ದರೆ ಇದನ್ನು ಶಂಕಿಸಿ. ಸವೆದು ಬೆಳ್ಳಗಾದ ಫೋರ್‌ಸೈಟ್‌ಗೆ ಮಸಿ ಹಿಡಿಸುವುದು ಹಳೆಯ ಉಪಾಯ, ಇಂದಿಗೂ ನಡೆಯುತ್ತದೆ.

ಒಂದು ಕಾಗದದಲ್ಲಿ ಎರಡು ಗುಂಪು

ಮೂರು ಇಲ್ಲಿ, ಎರಡು ಅಲ್ಲಿ, ಎರಡೂ ಬಿಗಿಯಾಗಿಯೇ ಇವೆ. ಇದು ಅತ್ಯಂತ ಸ್ವಾರಸ್ಯದ ದೋಷ, ಏಕೆಂದರೆ ನಡುವೆ ಯಾವುದೋ ಒಂದು ಬದಲಾಗಿದೆ, ಅಷ್ಟನ್ನು ಹುಡುಕಿದರೆ ಸಾಕು. ಹೆಚ್ಚಾಗಿ ಕೆನ್ನೆ. ರೈಫಲ್ ಇಳಿಸಿ ಬೆವರು ಒರೆಸಿಕೊಂಡು ಮತ್ತೆ ಹಿಡಿದಾಗ ಕೆನ್ನೆ ಬಟ್‌ನ ಮೇಲೆ ಬೇರೆ ಕಡೆ ಕೂತಿರುತ್ತದೆ, ಕಣ್ಣು ತೂತಿನ ನಡುವಿನಿಂದ ಸರಿದಿರುತ್ತದೆ. ಬಟ್‌ನ ಮೇಲೆ ಕೆನ್ನೆ ಮುಟ್ಟುವ ಜಾಗಕ್ಕೆ ಒಂದು ತುಂಡು ಟೇಪ್ ಅಂಟಿಸಿ ಅಭ್ಯಾಸ ಮಾಡಿ.

ಒಂದೇ ಗುಂಡು ದೂರ, ನಾಲ್ಕು ಒಟ್ಟಿಗೆ ಎಂದಾದರೆ, ದೂರದ್ದು ಮೊದಲನೆಯದೇ ಎಂದು ವಿಚಾರಿಸಿ. ಮೊದಲನೆಯದಾಗಿದ್ದರೆ ಎರಡು ಕಾರಣ ಇರಬಹುದು. ನಳಿಗೆಯಲ್ಲಿ ಎಣ್ಣೆ ಉಳಿದಿದ್ದರೆ ಮೊದಲ ಗುಂಡು ತನ್ನದೇ ದಾರಿ ಹಿಡಿಯುತ್ತದೆ, ಆದ್ದರಿಂದ ಫುಲ್‌ತ್ರೂನಲ್ಲಿ (ನಳಿಗೆ ಒರೆಸುವ ಹಗ್ಗ) ಒಣ ಚಿಂದಿ ಎಳೆದೇ ಫೈರಿಂಗ್‌ಗೆ ಹೋಗಬೇಕು. ಎರಡನೆಯದು ಈ ಜಾತಿಯ ರೈಫಲ್ಲಿಗೇ ವಿಶೇಷ. ಮೊದಲ ಗುಂಡನ್ನು ಕೈಯಿಂದ ಕಾಕ್ ಮಾಡಿ ಚೇಂಬರಿಗೆ ಹಾಕುತ್ತೇವೆ, ಉಳಿದವನ್ನು ಗ್ಯಾಸಿನ ಬಲದಿಂದ ರೈಫಲ್ಲೇ ಹಾಕಿಕೊಳ್ಳುತ್ತದೆ. ಎರಡೂ ಸಲ ಬೋಲ್ಟ್ ಒಂದೇ ರಭಸದಿಂದ ಮುಚ್ಚಿಕೊಳ್ಳುವುದಿಲ್ಲ. ಕಾಕಿಂಗ್ ಹ್ಯಾಂಡಲನ್ನು ಪೂರ್ತಿ ಹಿಂದಕ್ಕೆ ಎಳೆದು ಒಮ್ಮೆಗೇ ಬಿಡಬೇಕು. ಸದ್ದಾಗದಿರಲೆಂದು ಕೈಯಲ್ಲೇ ಹಿಡಿದು ಮೆಲ್ಲಗೆ ಮುಂದಕ್ಕೆ ಕಳುಹಿಸುವವರ ರೈಫಲ್ಲು ಪೂರ್ತಿ ಮುಚ್ಚುವುದೂ ಇಲ್ಲ, ಆಮೇಲೆ ‘ಫೈರ್ ಆಗಲಿಲ್ಲ ಸರ್’ ಎಂಬ ದೂರು.

ಗುಂಡುಗಳು ಹೋದಂತೆಲ್ಲ ಒಂದೇ ದಿಕ್ಕಿಗೆ ತೆವಳುತ್ತಿದ್ದರೆ ನಳಿಗೆ ಕಾದಿದೆ. ತಣಿಯಲು ಬಿಟ್ಟು ಮತ್ತೆ ಹೊಡೆದಾಗ ಮೊದಲ ಜಾಗಕ್ಕೇ ಬಂದರೆ ಅನುಮಾನ ಖಚಿತ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಮಧ್ಯಾಹ್ನ ಹೊಡೆಯುವವರಿಗೆ ಎರಡು ಕಾಟ: ನಳಿಗೆಯ ಮೇಲಿನಿಂದ ಏಳುವ ಝಳ ಮತ್ತು ಎರೆನೆಲದಿಂದ ಏಳುವ ಝಳ. ಬುಲ್ ನೀರಿನೊಳಗಿನ ಕಲ್ಲಿನಂತೆ ಕದಲುತ್ತದೆ, ಇದ್ದಲ್ಲಿ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಝೀರೋ ಮಾಡಬಾರದು, ಅಂದರೆ ಸೈಟ್ ಹೊಂದಿಸಬಾರದು. ಬೆಳಗಿನ ಎಂಟರೊಳಗೆ ಮುಗಿಸುವುದು ವಾಸಿ. ಬೆಳಗಾವಿಯ ಮಳೆಗಾಲದಲ್ಲಿ ತೊಂದರೆ ಬೇರೆ: ಒದ್ದೆ ನೆಲ, ಜಾರುವ ಮೊಣಕೈ, ಬ್ಯಾಕ್‌ಸೈಟ್‌ನ ತೂತಿನಲ್ಲಿ ಕೂರುವ ನೀರಿನ ಹನಿ. ಆ ಹನಿಯನ್ನು ಊದಿ ತೆಗೆಯಿರಿ. ಹನಿಯೊಂದಿಗೆ ನೋಡಿದರೆ ಫೋರ್‌ಸೈಟೇ ಕಾಣುವುದಿಲ್ಲ.

ಸದ್ದು ಬೇರೆಯಾಗಿ ಬಂದರೆ

ಇದು ಗುರಿಯ ದೋಷವಲ್ಲ, ಆದರೂ ಹೇಳಲೇಬೇಕು. ಗುಂಡು ಹಾರಿದ ಸದ್ದು ಮಂಕಾಗಿ ‘ಪುಸ್’ ಎಂದರೆ, ಒದೆತವೇ ಇಲ್ಲದಿದ್ದರೆ, ರೈಫಲ್ ತಾನಾಗಿ ಮುಂದಿನ ಗುಂಡು ಹಾಕಿಕೊಳ್ಳದಿದ್ದರೆ, ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಕೈಯಿಂದ ಕಾಕ್ ಮಾಡಿ ಇನ್ನೊಂದು ಹೊಡೆದರೆ ನಳಿಗೆ ಸಿಡಿಯುವ ಅಪಾಯವಿದೆ. ಮೂತಿಯನ್ನು ಗುರಿಗಳ ಕಡೆಗೇ ಇಟ್ಟು ಕೈ ಎತ್ತಿ, ತರಬೇತುದಾರರು ಬರುವವರೆಗೆ ಏನನ್ನೂ ಮುಟ್ಟಬೇಡಿ. ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದಾಗಲೂ ಹಾಗೆಯೇ. ತಡವಾಗಿ ಹಾರುವ ಗುಂಡೂ ಉಂಟು. ರೈಫಲ್ ಹಿಡಿದೇ ಹಿಂದಕ್ಕೆ ತಿರುಗಿ “ಸರ್, ಇದು ನೋಡಿ” ಎನ್ನುವವರನ್ನು ಆ ದಿನದ ಫೈರಿಂಗ್‌ನಿಂದ ಹೊರಗಿಡುವುದು ಶಿಕ್ಷೆಯೆಂದು ನನಗನಿಸುವುದಿಲ್ಲ.

ನಿಜಕ್ಕೂ ರೈಫಲ್ಲೇ ಕೆಟ್ಟಿದ್ದರೆ

ಕೆಡುವುದುಂಟು. ಅದಕ್ಕೆ ಮುಖ್ಯ ಪರೀಕ್ಷೆ: ಗುಂಪು ಕೂಡಿಸಬಲ್ಲ ಇನ್ನೊಬ್ಬರು ಅದೇ ರೈಫಲ್ಲು, ಅದೇ ಪೆಟ್ಟಿಗೆಯ ಗುಂಡುಗಳಿಂದ ಹೊಡೆಯಬೇಕು. ನೀವು ಅವರ ರೈಫಲ್ಲಿನಿಂದ ಹೊಡೆಯಬೇಕು. ಚದುರಾಟ ನಿಮ್ಮ ಹಿಂದೆ ಬಂದರೆ ನಿಮ್ಮದು, ರೈಫಲ್ಲಿನ ಬಳಿಯೇ ಉಳಿದರೆ ರೈಫಲ್ಲಿನದು.

ಎಸ್‌ಎಲ್‌ಆರ್‌ನಲ್ಲಿ ಮೊದಲು ನೋಡಬೇಕಾದ ಜಾಗ ಅದು ಮಧ್ಯದಲ್ಲಿ ಮಡಚಿಕೊಳ್ಳುವ ಕೀಲು. ನಳಿಗೆ ಮೇಲಿನ ಭಾಗಕ್ಕೆ ಸೇರಿದ್ದು, ಬ್ಯಾಕ್‌ಸೈಟ್ ಕೂತಿರುವುದು ಕೆಳಗಿನ ಭಾಗದ ಮೇಲೆ. ವರ್ಷಗಟ್ಟಲೆ ಬಳಸಿ ಕೀಲೋ ಹಿಂದಿನ ಚಿಲಕವೋ ಸವೆದರೆ ಎರಡೂ ಭಾಗ ಒಂದರ ಮೇಲೊಂದು ಅಲುಗಾಡುತ್ತವೆ. ಆಗ ಬ್ಯಾಕ್‌ಸೈಟ್‌ಗೂ ನಳಿಗೆಗೂ ಇರುವ ಸಂಬಂಧ ಪ್ರತಿ ಗುಂಡಿಗೂ ಬದಲಾಗುತ್ತದೆ. ಖಾಲಿ ಮಾಡಿ ತಪಾಸಣೆಯಾದ ರೈಫಲ್ಲಿನ ನಳಿಗೆಯನ್ನು ಒಬ್ಬರು ಹಿಡಿದು, ಇನ್ನೊಬ್ಬರು ಬಟ್ಟನ್ನು ಮೇಲೆ ಕೆಳಗೆ ಒತ್ತಿದರೆ ಆಟವಿದ್ದದ್ದು ಕೈಗೇ ತಿಳಿಯುತ್ತದೆ. ಆಮೇಲೆ ಬ್ಯಾಕ್‌ಸೈಟ್ ಸ್ಕ್ರೂ ಸಡಿಲವೇ, ಫೋರ್‌ಸೈಟ್ ತಿರುಗುತ್ತಿದೆಯೇ, ಬಟ್ ಅಲುಗುತ್ತಿದೆಯೇ, ನಳಿಗೆಯ ತುದಿಯ ಅಂಚಿಗೆ ಪೆಟ್ಟು ಬಿದ್ದಿದೆಯೇ ನೋಡಿ. ಖಾಲಿ ಕೇಸ್ ಸಿಕ್ಕಿಕೊಳ್ಳುವುದು, ಮುಂದಿನ ಗುಂಡು ಬಾರದಿರುವುದು ಪದೇ ಪದೇ ಆದರೆ ಗ್ಯಾಸಿನ ಪ್ರಮಾಣ ಹೊಂದಿಸುವ ಗ್ಯಾಸ್ ರೆಗ್ಯುಲೇಟರ್‌ನತ್ತ ಬೆರಳು ತೋರಿಸಬಹುದು. ಆದರೆ ಅದನ್ನು ತಿರುಗಿಸುವುದು ಆಯುಧ ರಿಪೇರಿ ಮಾಡುವ ಆರ್ಮರರ್ ಕೆಲಸ. ಗ್ಯಾಸ್ ಹೆಚ್ಚು ಬಿಟ್ಟರೆ ರೈಫಲ್ ನಡೆಯುತ್ತದೆ ನಿಜ, ಒದೆತವೂ ಹೆಚ್ಚಾಗಿ ಹೊಸಬನ ಹೆದರಿಕೆಗೆ ಹೊಸ ಕಾರಣ ಹುಟ್ಟುತ್ತದೆ.

ಆರ್ಮರರ್ ಬಳಿ ಹೋಗುವಾಗ “ಸರಿಯಿಲ್ಲ” ಎಂಬ ಒಂದು ಮಾತು ಸಾಲದು. ರೈಫಲ್ಲಿನ ನಂಬರ್, ದೂರ, ಸ್ಲೈಡ್ ಯಾವ ಗುರುತಿನಲ್ಲಿತ್ತು, ಯಾವ ಪೆಟ್ಟಿಗೆಯ ಗುಂಡು, ನಳಿಗೆ ತಣ್ಣಗಿತ್ತೇ ಕಾದಿತ್ತೇ ಎಂಬುದನ್ನು ಕಾಗದದ ಹಿಂಬದಿಯಲ್ಲೇ ಬರೆಯಿರಿ. ತೂತುಗಳ ಪಕ್ಕ ಒಂದರಿಂದ ಐದರವರೆಗೆ ಅಂಕಿ ಹಾಕಿ, ನೀವು ಹೇಳಿದ ಜಾಗವನ್ನೂ ಗುರುತಿಸಿ. ಅದೇ ರೈಫಲ್ಲಿನಿಂದ ಇನ್ನೊಬ್ಬರು ಹೊಡೆದ ಕಾಗದವನ್ನೂ ಜೊತೆಗಿಡಿ.